ಪ್ರಾಜೆಕ್ಟ್ ಆಂಟಿ ಸರಿಮಾಡಿಕೊಟ್ಟ ವಿಂಡೋಗಳು

ಬೆಂಗಳೂರಿನ ವಿಜಯನಗರದಿಂದ ಬಸವೇಶ್ವರನಗರದವರೆಗೆ ಯಾವ ಕಾಲೇಜಿನ ಗೇಟಿನ ಮುಂದೆ ಬೇಕಾದರೂ ನಿಂತು 'ಪ್ರಾಜೆಕ್ಟ್ ಆಂಟಿ ಎಲ್ಲಿ ಸಿಗ್ತಾರೆ?' ಎಂದು ಕೇಳಿ. ಬಿಸಿಎ ಓದುವ ಮಕ್ಕಳು ಗೋವಿಂದರಾಜನಗರದ ಆ ಮಹಡಿಯ ದಾರಿ ಹೇಳುತ್ತಾರೆ. ಕೆಳಗೆ ಚಿಪ್ಸ್ ಕರಿಯುವ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಮೇಲೆ ಒಂದು ಉದ್ದನೆಯ ಕೋಣೆ, ಗೋಡೆಗೆ ಒತ್ತಿದ ಕಂಪ್ಯೂಟರುಗಳು, ಯಾವಾಗಲೂ ಕರಿದ ಎಣ್ಣೆಯ ವಾಸನೆ. ಮೂಲೆಯ ಮೇಜಿನ ಹಿಂದೆ ಜಗದಾಂಬಾ. ಹೊರಗಿನ ಬೋರ್ಡು 'ತರಬೇತಿ ಕೇಂದ್ರ' ಎನ್ನುತ್ತದೆ. ಅಲ್ಲಿ ತರಬೇತಾಗಿ ಇಳಿದವರನ್ನು ಯಾರೂ ಕಂಡಿಲ್ಲ. ಅಲ್ಲಿ ನಡೆಯುವುದು ಮಾರಾಟ.

ಕೊನೆಯ ವರ್ಷದ ವಿದ್ಯಾರ್ಥಿ ತಾನೇ ಒಂದು ಪ್ರೋಗ್ರಾಂ ಬರೆಯಬೇಕು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಓಡಿಸಿ ತೋರಿಸಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಆಮೇಲೆ ಡಿಗ್ರಿ. ಕಾಗದದ ಮೇಲೆ ಇದು ಚೆಂದದ ನಿಯಮ. ಬಹಳಷ್ಟು ಮಕ್ಕಳು ಬರೆಯುವುದಿಲ್ಲ, ಕೊಳ್ಳುತ್ತಾರೆ ಎಂಬುದು ಕಾಲೇಜಿಗೆ ಗೊತ್ತು, ಪರೀಕ್ಷಕರಿಗೆ ಗೊತ್ತು, ಕೆಳಗಿನ ಚಿಪ್ಸ್ ಅಂಗಡಿಯವನಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಮುಖ ಮಾಡಿಕೊಂಡು ಕೂರುವುದನ್ನೇ ನಾವು ಶಿಕ್ಷಣ ಎಂದು ಕರೆಯುತ್ತಾ ಬಂದಿದ್ದೇವೆ.

ಜಗದಾಂಬಾ ಹರಿಹರದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಶಂಭುಲಿಂಗಪ್ಪ ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಆ ಕಾರ್ಖಾನೆ ಬಾಗಿಲು ಹಾಕಿದ ವರ್ಷ ಆಕೆ ಇದೇ ಕೋಣೆಗೆ ಕನ್ನಡ ಟೈಪಿಂಗಿಗೆಂದು ಸೇರಿದಳು. ಆಗ ಇಲ್ಲಿ ಲಗ್ನಪತ್ರಿಕೆ, ತಿಥಿ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ. ಮಾಲೀಕ ಮೋಹನ್ ಕುಮಾರ್‌ಗೆ ಕಟ್ಟಡ ಅಪ್ಪನಿಂದ ಬಂದದ್ದು, ಅಪ್ಪನಿಗೆ ಹೊಲ ಹೋಗಿ ಸೈಟಾದಾಗ ಬಂದದ್ದು. ಲಗ್ನಪತ್ರಿಕೆಗಿಂತ ಪ್ರಾಜೆಕ್ಟಿನಲ್ಲಿ ಲಾಭ ಎಂದು ಕಂಡುಕೊಂಡವನು ಅವನೇ. 'ಕಲ್ತ್ಕೊಳ್ಳಿ ಅಕ್ಕ, ನಿಮ್ಮ ಕೈಲಿ ಆಗುತ್ತೆ' ಎಂದ. ಆಕೆ ಕಲಿತಳು. ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಮಕ್ಕಳು ಆಗ ಕೇಳುತ್ತಿದ್ದದ್ದು ವಿಷುವಲ್ ಬೇಸಿಕ್, ಆಮೇಲೆ ಜಾವಾ, ಈಗ ಪೈಥಾನ್.

ಆಸ್ಪತ್ರೆ ನಿರ್ವಹಣೆ, ಗ್ರಂಥಾಲಯ ನಿರ್ವಹಣೆ, ಹಾಸ್ಟೆಲ್ ನಿರ್ವಹಣೆ. ಹೆಸರು ಬೇರೆ ಬೇರೆ, ಒಳಗೆ ಅದೇ ಲಾಗಿನ್ ವಿಂಡೋ, ಅದನ್ನು ದಾಟಿದರೆ ಅದೇ ಮೆನು ವಿಂಡೋ, ಅಲ್ಲಿಂದ ಹಿಂದಕ್ಕೆ ಬರುವ ಅದೇ ಗುಂಡಿ. ಬಣ್ಣ ಬದಲಾಯಿಸಿದರೆ ಹೊಸ ಪ್ರಾಜೆಕ್ಟ್. ಮಾಡುವುದು ತಪ್ಪೇ ಎಂಬ ಪ್ರಶ್ನೆ ಜಗದಾಂಬಾಳ ತಲೆಗೆ ಬಾರದೇ ಇರಲಿಲ್ಲ. 'ನಾನು ರೊಟ್ಟಿ ತಟ್ಟೋಳು, ಯಾರ ತಾಟಿಗೆ ಹೋಗುತ್ತೋ ನಂಗೇನು' ಎಂದು ಅದಕ್ಕೆ ಉತ್ತರವನ್ನೂ ಆಕೆ ಇಟ್ಟುಕೊಂಡಿದ್ದಳು. ಇಂಥ ಉತ್ತರ ಇಟ್ಟುಕೊಳ್ಳದೆ ಈ ಊರಿನಲ್ಲಿ ಬಾಡಿಗೆ ಮನೆ ನಡೆಯುವುದಿಲ್ಲ.

ಮೋಹನ್ ಕುಮಾರ್‌ನನ್ನು ಆಕೆ ನಂಬಿದ್ದು ಸಂಬಳಕ್ಕಾಗಿ ಅಲ್ಲ. ಹರಿಹರದ ತವರಿನಲ್ಲಿ ಈಗ ಯಾರೂ ಇಲ್ಲ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಕೊಡುವ ಪದ್ಧತಿ ಅವಳ ಮನೆಯ ಕಡೆ ಅಷ್ಟಾಗಿ ಇರಲೂ ಇಲ್ಲ. ಆದರೆ ಪ್ರತಿ ಗೌರಿ ಹಬ್ಬಕ್ಕೂ ಮೋಹನ್ ಕುಮಾರ್ ಹೆಂಡತಿಯನ್ನು ಕರೆದುಕೊಂಡು ಬಂದು, ಮೊರದ ಬಾಗಿನವನ್ನು ಆಕೆಯ ಮಡಿಲಿಗೆ ಹಾಕಿಸಿ, 'ತವರಿಲ್ಲ ಅನ್ಬೇಡಿ ಅಕ್ಕ, ನಾನಿದೀನಿ' ಎನ್ನುತ್ತಿದ್ದ. ಶಂಭುಲಿಂಗಪ್ಪನಿಗೆ ಎದೆನೋವು ಬಂದ ದಿನ ಕಾರು ತಂದವನೂ ಅವನೇ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಸ್ಪಂದನ ಆ ಮೆಟ್ಟಿಲು ಹತ್ತಿ ಬಂದಳು. ಲಗ್ಗೆರೆಯ ಹುಡುಗಿ. ಅಮ್ಮ ಗಾರ್ಮೆಂಟ್ಸಿಗೆ ಹೋಗುವವಳು, ಅಪ್ಪ ಇಲ್ಲ, ಮನೆಯಲ್ಲಿ ಅಜ್ಜಿ ಮುನಿಲಕ್ಷ್ಮಮ್ಮ. ಹುಡುಗಿ ಎದೆಗೆ ಲ್ಯಾಪ್‌ಟಾಪ್ ಅವುಚಿಕೊಂಡು ನಿಂತೇ ಹೇಳಿದಳು:

'ಆಂಟಿ, ನಂಗೆ ಪ್ರಾಜೆಕ್ಟ್ ಬೇಡ. ನನ್ದು ಇದೆ. ಒಂದೇ ಒಂದು ಡೌಟು.'

ಜಗದಾಂಬಾ ನಕ್ಕಳು. 'ಕೂತ್ಕೋ ಅವ್ವಾ. ಇಲ್ಲಿಗೆ ಬಂದು ಪ್ರಾಜೆಕ್ಟ್ ಬೇಡ ಅಂದೋಳು ನೀನೇ ಮೊದಲ್ನೇವ್ಳು. ಫೋಟೋ ತೆಗ್ಸಿ ಹಾಕ್ತೀನಿ ಗೋಡೆಗೆ.'

ಲ್ಯಾಪ್‌ಟಾಪ್ ಎಸ್.ಪಿ. ರೋಡಿನಲ್ಲಿ ಕೊಂಡ ಹಳೆಯದು, ಪರದೆ ಮುಟ್ಟಿದರೆ ಕೆಲಸ ಮಾಡುವಂಥದ್ದು. ತೆರೆದಳು. ಪರದೆಯ ತುಂಬ ನಾಲ್ಕು ದೊಡ್ಡ ಫೋಟೋಗಳು: ಒಂದು ಹಿತ್ತಾಳೆ ಚೊಂಬು, ಒಂದು ಊಟದ ತಟ್ಟೆ, ಬಚ್ಚಲಿನ ನೀಲಿ ಬಾಗಿಲು, ಹಣೆ ಹಿಡಿದುಕೊಂಡ ಒಂದು ಮುದಿ ಕೈ. ಮುನಿಲಕ್ಷ್ಮಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಮಾತು ಎರಡೂ ಹೋಗಿದ್ದವು. ಎಡಗೈ ಬೆರಳಿನಿಂದ ಚೊಂಬು ಮುಟ್ಟಿದರೆ ಇನ್ನೊಂದು ವಿಂಡೋ ಬರುತ್ತದೆ: ನೀರೋ, ಕಾಫಿಯೋ, ಮಜ್ಜಿಗೆಯೋ. ಮುಟ್ಟಿದರೆ ಸ್ಪಂದನಳ ದನಿ ಹೇಳುತ್ತದೆ, 'ಅಜ್ಜಿಗೆ ಮಜ್ಜಿಗೆ ಬೇಕಂತೆ.' ಆ ಮುದಿ ಕೈಯ ಫೋಟೋ ಮುಟ್ಟಿದರೆ ಮೈಯ ಚಿತ್ರ ಬರುತ್ತದೆ, ನೋವು ಎಲ್ಲಿ ಎಂದು ತೋರಿಸಬಹುದು.

'ಯಾರು ಹೇಳ್ಕೊಟ್ರು ಇದನ್ನ?'

'ಯಾರೂ ಇಲ್ಲ ಆಂಟಿ. ಅಜ್ಜಿ ದಿನಾ ಗೋಡೆಗೆ ಕೈ ತೋರ್ಸೋರು, ನಮ್ಗೆ ಗೊತ್ತಾಗ್ತಿರ್ಲಿಲ್ಲ, ಅವ್ರು ಅಳೋರು. ಅದಕ್ಕೆ.'

ತೊಂದರೆ ವಿಂಡೋ ಬದಲಾಗುವಲ್ಲಿ ಇತ್ತು. ಒಂದು ವಿಂಡೋವನ್ನು ಪೂರ್ತಿ ಮುಚ್ಚಿ, ಇನ್ನೊಂದನ್ನು ಹೊಸದಾಗಿ ತೆರೆಯುವ ಹಾಗೆ ಸ್ಪಂದನ ಬರೆದಿದ್ದಳು. ಹಳೆಯ ಯಂತ್ರ, ಫೋಟೋಗಳನ್ನು ಮತ್ತೆ ಮತ್ತೆ ಎತ್ತಿಕೊಂಡು ಬರಬೇಕು, ನಡುವೆ ಪರದೆ ಖಾಲಿ. ಆ ಖಾಲಿಯಲ್ಲಿ ಅಜ್ಜಿ ಗಾಬರಿಯಾಗಿ ಮತ್ತೆ ಮತ್ತೆ ಒತ್ತುತ್ತಾಳೆ. ಒತ್ತಿದ್ದೆಲ್ಲ ಮುಂದೆ ಬರುವ ವಿಂಡೋದ ಮೇಲೆ ಬೀಳುತ್ತದೆ. ನೀರು ಕೇಳಿದ ಮುದುಕಿಗೆ ಕಾಫಿ ಬರುತ್ತದೆ, ಅವಳು ಲೋಟ ತಳ್ಳುತ್ತಾಳೆ, ಮನೆಯವರು 'ಏನ್ ಹಟ ಈ ವಯಸ್ಸಲ್ಲಿ' ಎನ್ನುತ್ತಾರೆ.

ಜಗದಾಂಬಾಳಿಗೆ ನೋಡಿದ ತಕ್ಷಣ ತಿಳಿಯಿತು. ಸ್ಪಂದನಳ ಹಿಂದೆ ಆಗಲೇ ಮಕ್ಕಳ ಸಾಲು ನಿಂತಿತ್ತು, 'ಆಂಟಿ ನಂದು', 'ಆಂಟಿ ನಾಳೇನೇ ಸಬ್ಮಿಶನ್ನು' ಎಂಬ ಗಲಾಟೆ. ಆ ಕೋಣೆಯಲ್ಲಿ ಕೂತು ಕೂತು ಆಕೆಗೆ ಅಂಟಿದ್ದ ಒಂದು ಅಭ್ಯಾಸವೆಂದರೆ, ಮೇಜಿಗೆ ಬಂದ ಪ್ರೋಗ್ರಾಂ ಅನ್ನು ತಾನೇ ಮಾಡಿಕೊಡುವುದು. ಹೇಳಿಕೊಡುವುದು ಆ ಕೋಣೆಯ ಕಸುಬೇ ಅಲ್ಲ.

'ಕಾಪಿ ಮಾಡ್ಕೊಂಡು ಇಲ್ಲೇ ಇಟ್ಕೋತೀನಿ ಅವ್ವಾ. ನಾಳೆ ಬಾ, ಮಾಡಿಟ್ಟಿರ್ತೀನಿ.'

'ಆಂಟಿ, ಹೇಗೆ ಅಂತ ಹೇಳಿದ್ರೆ ನಾನೇ...'

'ಹೇಳೋಕೆ ಟೈಮ್ ಎಲ್ಲೈತೆ ನೋಡು. ಬಾ ನಾಳೆ.'

ಸಂಜೆ ಕೋಣೆ ಖಾಲಿಯಾದ ಮೇಲೆ ಆಕೆ ಕೂತು ಮಾಡಿದಳು. ಬಹಳ ವರ್ಷಗಳಲ್ಲಿ ಯಾವುದನ್ನೂ ಅಷ್ಟು ಇಷ್ಟಪಟ್ಟು ಮಾಡಿರಲಿಲ್ಲ. ಮೋಹನ್ ಕುಮಾರ್ ಬೀಗ ಹಾಕಲು ಬಂದವನು ಹಿಂದೆ ನಿಂತು ನೋಡಿದ.

'ಏನಕ್ಕ ಇದು, ಭಾರೀ ಇದೆ. ಹೇಗ್ ಮಾಡಿದ್ರಿ?'

'ಇಸ್ಪೀಟ್ ಎಲೆ ಥರ ಮೋಹನ್. ವಿಂಡೋ ಒಂದೇ. ಪುಟಗಳನ್ನೆಲ್ಲ ಮೊದಲೇ ಮಾಡಿ ಒಂದರ ಮೇಲೊಂದು ಪೇರ್ಸಿಟ್ಬಿಡೋದು. ಬೇಕಾಗಿದ್ದನ್ನ ಮೇಲಕ್ಕೆ ಎತ್ತೋದು ಅಷ್ಟೇ. ಯಾವುದನ್ನೂ ಮುಚ್ಚೋದೂ ಇಲ್ಲ, ತೆರೆಯೋದೂ ಇಲ್ಲ. ಮಧ್ಯ ಖಾಲಿ ಬರೋದೇ ಇಲ್ಲ.'

'ಇನ್ನೊಂದ್ಸಲ ಹೇಳಿ, ನನ್ನಂಥ ದಡ್ಡನಿಗೂ ಅರ್ಥ ಆಗ್ಲಿ' ಎಂದ ಅವನು, ಫೋನನ್ನು ಕೈಯಲ್ಲಿ ಹಿಡಿದುಕೊಂಡೇ. ಆಕೆ ಖುಷಿಯಲ್ಲಿ ಇನ್ನೊಂದು ಸಲ ಹೇಳಿದಳು. ಆಮೇಲೆ ಎಚ್ಚರಿಕೆಯನ್ನೂ ಹೇಳಿದಳು. 'ಇದು ಮಾರೋದಲ್ಲ ಮೋಹನ್. ಆ ಮಗು ತನ್ನ ಅಜ್ಜಿಗೆ ಅಂತ ಮಾಡಿರೋದು. ದುಡ್ಡೂ ತಗೊಳ್ಳಲ್ಲ ನಾನು.'

'ಅಯ್ಯೋ, ನಮ್ಮನೆ ಹುಡುಗಿ ಅಂದ್ಕೊಳ್ಳಿ ಅಕ್ಕ' ಎಂದು ಅವನು ದೀಪ ಆರಿಸಿದ.

ಮರುದಿನ ಸ್ಪಂದನ ಪ್ರೋಗ್ರಾಂ ತೆಗೆದುಕೊಂಡು ಹೋದಳು. ಆ ವಾರವೇ ಫೋನ್ ಮಾಡಿ, ಅಜ್ಜಿ ಈಗ ತಾನಾಗಿಯೇ ಮಜ್ಜಿಗೆ ಕೇಳುತ್ತಾಳೆ, ಬೇಕೆಂದೇ ಹತ್ತು ಸಲ ಕೇಳಿ ಕಾಟ ಕೊಡುತ್ತಾಳೆ ಎಂದು ನಕ್ಕಿದ್ದಳು. ಜಗದಾಂಬಾ ಅದನ್ನು ಮನೆಯಲ್ಲಿ ಗಂಡನಿಗೆ ಹೇಳಿ, ಬೀದಿಯ ಹೂವಿನವಳಿಗೂ ಹೇಳಿದ್ದಳು.

ಪರೀಕ್ಷೆಯ ದಿನ ಮಧ್ಯಾಹ್ನ ಸ್ಪಂದನ ಮತ್ತೆ ಮೆಟ್ಟಿಲು ಹತ್ತಿದಳು. ಸಾಲಿನಲ್ಲಿ ನಿಂತಿದ್ದವರನ್ನು ದಾಟಿ ನೇರ ಮೇಜಿಗೆ ಬಂದಳು. ಅತ್ತು ಮುಗಿದ ಮುಖ.

'ಎಷ್ಟಕ್ಕೆ ಮಾರಿದ್ರಿ ಆಂಟಿ?'

'ಏನವ್ವಾ?'

'ನಮ್ಮಜ್ಜೀನ. ಎಷ್ಟಕ್ಕೆ ಮಾರಿದ್ರಿ?'

ನಡೆದದ್ದನ್ನು ಅವಳು ನಿಂತುಕೊಂಡೇ ಹೇಳಿದಳು. ಅವಳಿಗಿಂತ ಮೊದಲು ಅವಳದೇ ಕ್ಲಾಸಿನ ಇಬ್ಬರು ಹುಡುಗರು ಒಳಗೆ ಹೋಗಿದ್ದರು. ಅವರ ಪರದೆಯ ಮೇಲೂ ಅದೇ ಚೊಂಬು, ಅದೇ ನೀಲಿ ಬಾಗಿಲು, ಅದೇ ಮುದಿ ಕೈ. ದನಿ ಮಾತ್ರ ಬೇರೆ ಹಾಕಿದ್ದರು. ಸ್ಪಂದನ ತನ್ನದನ್ನು ಓಡಿಸಿದಾಗ ಪರೀಕ್ಷಕರು ಕನ್ನಡಕ ತೆಗೆದು ನಕ್ಕರು. 'ಏನಮ್ಮ, ಈ ಚೊಂಬು ಎಲ್ಲರ ಮನೇಲೂ ಇದೆಯಾ?' ನನ್ನದು ಸಾರ್, ನಮ್ಮಜ್ಜಿಯದು ಸಾರ್ ಎಂದರೆ, ಸರಿ, ಹಾಗಾದರೆ ಹೇಳು ಎಂದು ಒಂದೇ ಪ್ರಶ್ನೆ ಕೇಳಿದರು. ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗುವಾಗ ಮೊದಲನೆಯದು ಏನಾಗುತ್ತದೆ? ಮುಚ್ಚುತ್ತದೋ, ಅಡಗುತ್ತದೋ, ಅಲ್ಲೇ ಇರುತ್ತದೋ?

'ನಂಗೆ ಗೊತ್ತಿರ್ಲಿಲ್ಲ ಆಂಟಿ. ಎಲ್ಲಾ ಗೊತ್ತಿತ್ತು, ಅದೊಂದೇ ಗೊತ್ತಿರ್ಲಿಲ್ಲ. ಮುಚ್ಚುತ್ತೆ ಸಾರ್ ಅಂದೆ. ನಾನು ಬರ್ದಿದ್ದು ಹಾಗೇ ತಾನೆ? ಅವ್ರು ಪಕ್ಕದೋರಿಗೆ ಹೇಳಿದ್ರು, ನೋಡಿ, ಆ ಹುಡುಗ್ರು ಎಷ್ಟ್ ಚೆನ್ನಾಗ್ ಹೇಳಿದ್ರು, ಇಸ್ಪೀಟ್ ಎಲೆ ಥರ ಸಾರ್, ಮೇಲಕ್ಕೆ ಎತ್ತೋದು ಅಷ್ಟೇ ಅಂತ. ಈ ಹುಡುಗಿ ಅವರತ್ರ ಕದ್ದಿದಾಳೆ ಅಂತ.'

ಇಸ್ಪೀಟ್ ಎಲೆ. ಆ ಮಾತನ್ನು ಜಗದಾಂಬಾ ಜೀವಮಾನದಲ್ಲಿ ಒಬ್ಬನ ಮುಂದೆ ಮಾತ್ರ ಆಡಿದ್ದಳು. ಹುಡುಗಿಗೆ ಹೇಳಲು ಟೈಮಿಲ್ಲ ಎಂದವಳು ಅವನಿಗೆ ಎರಡು ಸಲ ಹೇಳಿದ್ದಳು.

'ನಾನಲ್ಲ ಕಣವ್ವಾ, ನಿನ್ನಾಣೆ...'

'ನನ್ ಲ್ಯಾಪ್‌ಟಾಪು, ನಿಮ್ಮ ಕಂಪ್ಯೂಟರು ಬಿಟ್ಟು ಬೇರೆಲ್ಲೂ ಇರ್ಲಿಲ್ಲ ಆಂಟಿ' ಎಂದು ಸ್ಪಂದನ ಹೊರಟುಹೋದಳು. ಸಾಲಿನಲ್ಲಿದ್ದ ಮಕ್ಕಳು ತಮ್ಮ ತಮ್ಮ ಪ್ರಾಜೆಕ್ಟಿನ ಚಿಂತೆಯಲ್ಲಿ ಫೋನ್ ನೋಡುತ್ತಾ ನಿಂತಿದ್ದರು.

ಮೋಹನ್ ಕುಮಾರ್ ಕೆಳಗೆ ಚಿಪ್ಸ್ ಅಂಗಡಿಯ ಮುಂದೆ ಬೈಕಿನ ಮೇಲೆ ಕೂತು ಬಾಳೆಕಾಯಿ ಚಿಪ್ಸ್ ತಿನ್ನುತ್ತಿದ್ದ. ಆಕೆ ಕೇಳಿದ್ದಕ್ಕೆ ಅವನು ಸುಳ್ಳು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

'ಕೊನೇ ಗಳಿಗೇಲಿ ಬಂದ್ರು ಅಕ್ಕ ಅವ್ರಿಬ್ರು. ಏನಾದ್ರೂ ಡಿಫರೆಂಟಾಗಿರೋದು ಕೊಡಿ ಅಂದ್ರು. ಕೊಟ್ಟೆ. ಅವತ್ತು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೆ, ಬಾಯಿಪಾಠ ಮಾಡ್ಕೊಳ್ಳಿ ಅಂತ ನಿಮ್ಮ ವಾಯ್ಸೂ ಕಳಿಸ್ದೆ. ಅವ್ರೂ ಅದೇ ಕಾಲೇಜು ಅಂತ ನಂಗೇನ್ ಕನಸು ಬಿತ್ತಾ?'

'ಮಾರೋದಲ್ಲ ಅಂದಿದ್ದೆ ನಿಂಗೆ.'

'ಅಕ್ಕ, ನಮ್ಮಂಗ್ಡೀಲಿ ಇರೋದೆಲ್ಲ ಮಾರೋದೇ. ಇಷ್ಟ್ ವರ್ಷ ಎಷ್ಟೋ ಜನಕ್ಕೆ ಮಾಡ್ಕೊಟ್ರಿ, ಆಗೆಲ್ಲ ಯಾರ್ ಬರ್ದಿದ್ದು ಅಂತ ಕೇಳಿದ್ರಾ? ಇವತ್ತೇನು ಹೊಸದಾಗಿ?' ಎಂದು ಚಿಪ್ಸ್ ಪೊಟ್ಟಣ ಚಾಚಿದ. 'ತಗೊಳ್ಳಿ. ಬಿಸಿ ಇದೆ.'

ಗೌರಿ ಹಬ್ಬದ ದಿನ ಮೊರ ಹಿಡಿದು ಬರುತ್ತಿದ್ದ ಮುಖವೇ ಅದು. ಆ ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಅವನು ಕೇಳಿದ್ದಕ್ಕೆ ಆಕೆಯ ಬಳಿ ರೊಟ್ಟಿಯ ಉತ್ತರ ಬಿಟ್ಟರೆ ಬೇರೆ ಇರಲಿಲ್ಲ, ಆ ಉತ್ತರ ಹೇಳಿದರೆ ಗೆಲ್ಲುವವನು ಅವನೇ.

ಮಾರನೆಯ ದಿನ ಜಗದಾಂಬಾ ಕಾಲೇಜಿಗೆ ಹೋದಳು. ವಿಭಾಗದ ಮುಖ್ಯಸ್ಥರು ಗಂಗಾಧರಯ್ಯ. ಆಕೆಗೆ ಪರಿಚಯದ ಮುಖ. ಎಷ್ಟೋ ಸಲ ಅದೇ ಮಹಡಿಗೆ ಬಂದು, ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತು, ಮೋಹನ್ ಕುಮಾರ್ ತರಿಸಿದ ಕಾಫಿ ಕುಡಿದು, 'ನಮ್ಮ ಹುಡುಗ್ರು ಬರ್ತಾರೆ, ಸ್ವಲ್ಪ ನೋಡ್ಕೊಳ್ಳಮ್ಮ' ಎಂದು ಹೋದವರು. ಅವರಿಗೆ ಗೊತ್ತಿರುವುದರಿಂದಲೇ ಮಾತು ಸುಲಭವಾಗುತ್ತದೆ ಎಂದು ಆಕೆ ಎಣಿಸಿದ್ದಳು.

'ಯಾರಮ್ಮ ನೀವು?' ಎಂದರು ಗಂಗಾಧರಯ್ಯ.

ಕೋಣೆಯಲ್ಲಿ ಇನ್ನಿಬ್ಬರು ಮೇಷ್ಟ್ರುಗಳಿದ್ದರು. ಆಕೆಗೆ ಅರ್ಥವಾಯಿತು. ಆದರೂ ಹೇಳಿದಳು. ಕೇಂದ್ರದ ಹೆಸರು ಹೇಳಿದಳು, ತಾನು ಅಲ್ಲಿ ಏನು ಮಾಡುತ್ತೇನೆ ಎಂದು ಹೇಳಿದಳು. ಫೋಟೋ ಹುಡುಗಿಯದು, ಯೋಚನೆ ಹುಡುಗಿಯದು, ಅಜ್ಜಿಯೂ ಆ ಹುಡುಗಿಯ ಅಜ್ಜಿಯೇ, ಲಗ್ಗೆರೆಗೆ ಹೋಗಿ ನೋಡಿ ಆ ನೀಲಿ ಬಾಗಿಲು ಅಲ್ಲೇ ಇದೆ ಎಂದಳು. ವಿಂಡೋ ಬದಲಾಗುವ ಆ ಒಂದು ಭಾಗ ಮಾತ್ರ ನಾನು ಬರೆದದ್ದು, ನನ್ನ ಅವಸರಕ್ಕೆ, ಅವಳು ಹೇಳಿಕೊಡಿ ಎಂದರೂ ಕೇಳದೆ.

ಗಂಗಾಧರಯ್ಯ ಪೂರ್ತಿ ಕೇಳಿದರು. ಪಕ್ಕದ ಮೇಷ್ಟ್ರ ಕಡೆ ತಿರುಗಿದರು. 'ನೋಡಿದ್ರಾ? ಹೊರಗಿನೋರ ಹತ್ರ ಬರ್ಸಿದ್ದು ಅಂತ ಬರ್ದೋರೇ ಬಂದು ಒಪ್ಕೊಂಡ್ರು. ಇನ್ನು ಆ ಹುಡುಗಿಗೆ ನಾವೇನ್ ಮಾಡಕ್ಕಾಗುತ್ತೆ?'

'ಸಾರ್, ಆ ಹುಡುಗ್ರದು ಪೂರ್ತಿ ಕೊಂಡಿದ್ದು. ಒಂದಕ್ಷರಾನೂ ಅವರದಲ್ಲ.'

'ಅವ್ರು ಉತ್ತರ ಹೇಳಿದಾರಮ್ಮ. ನಮ್ಗೆ ಬೇಕಿರೋದು ಉತ್ತರ.'

'ಅದು ನನ್ನ ಉತ್ತರ ಸಾರ್!'

'ಅಂದ್ರೆ ಅದ್ನೂ ನೀವೇ ಮಾರಿದ್ರಿ' ಎಂದರು ಅವರು, ಈ ಸಲ ಆಕೆಯ ಕಣ್ಣನ್ನೇ ನೋಡಿ, ತಣ್ಣಗೆ. 'ಪೊಲೀಸ್ನೋರಿಗೆ ಹೇಳ್ಬೇಕಾಗುತ್ತೆ ಇಂಥ ಸೆಂಟರ್ ವಿಷಯ. ಹೋಗಿ ಬನ್ನಿ.'

ಹುಡುಗರು ಪಾಸಾದರು. ಸ್ಪಂದನಳ ಪ್ರಾಜೆಕ್ಟ್ ತಳ್ಳಿಹಾಕಿದರು. ಮುಂದಿನ ಸಲ, ತಾನೇ ಬರೆದದ್ದನ್ನು, ಪ್ರತಿ ಸಾಲಿಗೂ ಉತ್ತರ ಕೊಡುವಂಥದ್ದನ್ನು ತಂದರೆ ನೋಡೋಣ ಎಂದರು. ಪ್ರತಿ ಸಾಲಿಗೂ ಉತ್ತರ ಕೊಡಬೇಕಾದ ಜನ ಈ ಕತೆಯಲ್ಲಿ ಎಷ್ಟೋ ಮಂದಿ ಇದ್ದರು. ಕೇಳಿದ್ದು ಮಾತ್ರ ಆ ಒಬ್ಬಳನ್ನು.

ಜಗದಾಂಬಾ ಮತ್ತೆ ಆ ಮಹಡಿ ಹತ್ತಲಿಲ್ಲ. ಮೋಹನ್ ಕುಮಾರ್ ಒಂದು ಸಲ ಫೋನ್ ಮಾಡಿ 'ಮುನಿಸು ಬಿಡಿ ಅಕ್ಕ, ಸೀಸನ್ ಟೈಮು' ಎಂದ. ಆಕೆ ಇಟ್ಟುಬಿಟ್ಟಳು. ಶಂಭುಲಿಂಗಪ್ಪ 'ಹೋಗ್ಲಿ ಬಿಡು, ಆ ಎಣ್ಣೆ ವಾಸ್ನೆ ಆದ್ರೂ ತಪ್ತು' ಎಂದು ನಗಿಸಲು ನೋಡಿದ. ಆಕೆ ನಗಲಿಲ್ಲ. ಮೋಸ ಹೋದವಳಿಗೆ ಅಳಲಾದರೂ ಹಕ್ಕಿರುತ್ತದೆ. ತನ್ನ ಮೋಸದೊಳಗೆ ಇನ್ನೊಬ್ಬಳನ್ನು ಸಿಕ್ಕಿಸಿದವಳಿಗೆ ಅದೂ ಇಲ್ಲ ಎಂದು ಆಕೆಗೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಬಸ್ಸು ಹತ್ತಿ ಲಗ್ಗೆರೆಗೆ ಹೋದಳು. ಕೇಳಿಕೊಂಡು ಕೇಳಿಕೊಂಡು, ಒಂದಕ್ಕೊಂದು ಅಂಟಿದ ಮನೆಗಳ ನಡುವೆ ಆ ಮನೆ ಹುಡುಕಿದಳು. ಬಾಗಿಲು ತೆರೆದಿತ್ತು. ಸ್ಪಂದನ ಎದ್ದು ಬಂದಳು, ಒಳಗೆ ಕರೆಯಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

'ಕಾಲೇಜಿಗೆ ಹೋಗಿ ಎಲ್ಲಾ ಹೇಳ್ದೆ ಅವ್ವಾ.'

'ಗೊತ್ತು ಆಂಟಿ. ಹೊರಗಿನೋರು ಬರ್ದಿದ್ದು ಅಂತ ಬರ್ದೋರೇ ಬಂದು ಹೇಳಿದ್ರು ಅಂತ ನಮ್ಮಮ್ಮನ್ನ ಕರ್ಸಿ ಹೇಳಿದ್ರು. ಅಮ್ಮ ಒಂದಿನ ರಜ ಹಾಕಿ ಬಂದಿದ್ಲು.'

ಒಳಗೆ ಮಂಚದ ಮೇಲೆ ಮುನಿಲಕ್ಷ್ಮಮ್ಮ ದಿಂಬಿಗೆ ಒರಗಿ ಕೂತಿದ್ದಳು, ಮುಂದೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ಎಡಗೈ ಎತ್ತಿ ಮುದುಕಿ ಚೊಂಬು ಮುಟ್ಟಿದಳು. ಪರದೆ ಖಾಲಿಯಾಯಿತು. ಬಾಗಿಲಲ್ಲಿ ನಿಂತಿದ್ದ ಜಗದಾಂಬಾಳಿಗೆ ಅದು ಕಂಡಿತು. ಮುದುಕಿ ಬೆಚ್ಚಿ ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಫೋಟೋಗಳು ನಿಧಾನ ಬಂದವು, ಬರುತ್ತಿದ್ದಂತೆ ದನಿ ಹೇಳಿತು: 'ಅಜ್ಜಿಗೆ ಕಾಫಿ ಬೇಕಂತೆ.' ಮುದುಕಿ ತಲೆ ಅಲ್ಲಾಡಿಸುತ್ತಾ ಮಂಚದ ಪಟ್ಟಿಗೆ ಕೈ ಬಡಿದಳು.

'ನನ್ನ ಭಾಗ ಯಾಕೆ ತೆಗ್ದುಬಿಟ್ಟೆ?'

'ಅದು ನನ್ದಲ್ವಲ್ಲ ಆಂಟಿ.' ಸ್ಪಂದನ ಒಳಗೆ ಹೋಗಿ ಅಜ್ಜಿಯ ಕೈ ಹಿಡಿದು, ನೀರಿನ ಲೋಟ ಬಾಯಿಗೆ ಇಟ್ಟಳು. ಮುದುಕಿ ಕುಡಿದು ಸುಮ್ಮನಾದಳು. 'ನಾನೇ ಹುಡುಕ್ತಾ ಇದೀನಿ. ಸಿಗುತ್ತೆ.'

'ಐದು ನಿಮಿಷದ್ದು ಕಣವ್ವಾ. ಈಗಲಾದ್ರೂ ಹೇಳ್ಕೊಡ್ತೀನಿ. ಕೂತು ಹೇಳ್ತೀನಿ. ನೋಡು, ಮೊದಲು ಎಲ್ಲಾ ಪುಟ...'

'ಹೇಳ್ಬೇಡಿ ಆಂಟಿ.'

ಹುಡುಗಿಯ ದನಿ ಏರಿರಲಿಲ್ಲ. 'ನೀವು ಹೇಳಿದ್ರೆ ಮತ್ತೆ ಅವ್ರು ಕೇಳ್ತಾರೆ. ಇದು ಯಾರ್ ಹೇಳ್ಕೊಟ್ರು ಅಂತ ಕೇಳ್ತಾರೆ. ನಾನು ಸುಳ್ಳು ಹೇಳ್ಬೇಕಾಗುತ್ತೆ. ಆ ಹುಡುಗ್ರ ಥರ.'

ಜಗದಾಂಬಾ ಹೊಸ್ತಿಲಿನ ಆಚೆಯೇ ನಿಂತಿದ್ದಳು. ಮುದುಕಿ ಮತ್ತೆ ಕೈ ಎತ್ತಿ ಪರದೆ ಮುಟ್ಟಿದಳು, ಮತ್ತೆ ಖಾಲಿಯಾಯಿತು. ಏನು ಮಾಡಿದರೆ ಆ ಖಾಲಿ ಹೋಗುತ್ತದೆ ಎಂಬುದು ಆಕೆಯ ನಾಲಿಗೆಯ ತುದಿಯಲ್ಲಿತ್ತು. ಸ್ಪಂದನ ಅಜ್ಜಿಯ ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದು, 'ತಡಿ ಅಜ್ಜಿ, ಒತ್ಬೇಡ, ಬರುತ್ತೆ ತಡಿ' ಎನ್ನುತ್ತಾ ಕಾಯುತ್ತಿದ್ದಳು.

ಜಗದಾಂಬಾ ಚಪ್ಪಲಿ ಮೆಟ್ಟಿ ಗಲ್ಲಿಗೆ ಇಳಿದಳು.